ಎರಡನೇ ಬಿ ತರಗತಿಯ ದಯೆಯ ಮರ

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಸೂರ್ಯಪ್ರಕಾಶ ಇದನ್ನು ತೆಲುಗಿನಲ್ಲಿ ಹೇಳಿದ್ದರು. ಇಪ್ಪತ್ತಾರು ವರ್ಷ ಕಳೆದ ಮೇಲೂ ಅದೇ ಭಾಷೆಯಲ್ಲಿ ಅದನ್ನೇ ಹೇಳುತ್ತಾರೆ. ತಿಪಟೂರಿನವಳಾದ ನಾನು ವಿಶಾಖಪಟ್ಟಣದ ಸೊಸೆಯಾಗಿ ಬಂದು ಇಲ್ಲಿಯ ಸೆಖೆಗೆ, ಖಾರಕ್ಕೆ, ಮಾತಿಗೆ ಒಗ್ಗಿಕೊಂಡೆ. ಸಿಟ್ಟು ಮಾತ್ರ ಊರಿನಿಂದ ತಂದ ಹಾಗೆಯೇ ಇದೆ. ಈ ಕಥೆಯಲ್ಲಿ ನಾನು ಒಳ್ಳೆಯವಳಾಗಿ ಕಾಣುವುದಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನಾನು ಒಂದು ಮಾತನ್ನು ಮುಚ್ಚಿಟ್ಟಿದ್ದರಿಂದ ಒಂದು ಮಗು ಎರಡು ತಿಂಗಳು ಒದ್ದಾಡಿತು.

ಮಧುರವಾಡದ ಖಾಸಗಿ ಶಾಲೆಯೊಂದರಲ್ಲಿ ನಾನು ಎರಡನೇ ತರಗತಿ ಬಿ ವಿಭಾಗದ ಕ್ಲಾಸ್ ಟೀಚರ್. ಮೂವತ್ತೆಂಟು ಮಕ್ಕಳು. ಪಾಠ ಇಂಗ್ಲಿಷಿನಲ್ಲಿ, ಗದರಿಕೆ ತೆಲುಗಿನಲ್ಲಿ. ನನ್ನಲ್ಲಿ ಎರಡು ಕಟ್ಟುನಿಟ್ಟುಗಳಿದ್ದವು. ಪೀರಿಯಡ್ ನಡುವೆ ಯಾರೂ ಬಾತ್‌ರೂಮಿಗೆ ಹೋಗುವಂತಿಲ್ಲ, ಬೆಲ್ ಆದ ಮೇಲೆಯೇ ಹೋಗಬೇಕು. ಒಬ್ಬರನ್ನು ಬಿಟ್ಟರೆ ಹತ್ತು ಜನಕ್ಕೆ ಅದೇ ಹೊತ್ತಿಗೆ ಅವಸರವಾಗುತ್ತದೆ, ಟೀಚರ್ ಆದವರಿಗೆಲ್ಲ ಇದು ಗೊತ್ತು. ಇನ್ನೊಂದು ನಾನು ನನಗೇ ಹಾಕಿಕೊಂಡದ್ದು: ಶಾಲೆಯ ಗೇಟಿನ ಒಳಗೆ ಕನ್ನಡ ಆಡುವುದಿಲ್ಲ.

ಅದಕ್ಕೂ ಕಾರಣ ಇತ್ತು. ಗುಡ್ಡದ ಮೇಲಿನ ಐಟಿ ಕಚೇರಿಗಳಿಗೋ ಔಷಧ ಕಂಪನಿಗಳಿಗೋ ಕರ್ನಾಟಕದಿಂದ ಬಂದವರ ಮಕ್ಕಳು ವರ್ಷಕ್ಕೆ ಒಬ್ಬರೋ ಇಬ್ಬರೋ ನಮ್ಮ ಶಾಲೆಗೆ ಸೇರುತ್ತಾರೆ. ಹಿಂದೊಮ್ಮೆ ಅಂಥ ಒಬ್ಬ ಹುಡುಗನಿಗೆ ವಾರ್ಷಿಕೋತ್ಸವದ ನಾಟಕದಲ್ಲಿ ದೊಡ್ಡ ಪಾತ್ರ ಕೊಟ್ಟೆ. ಚೆನ್ನಾಗಿ ಮಾಡುತ್ತಿದ್ದ, ಅದಕ್ಕೇ ಕೊಟ್ಟೆ. ಸ್ಟಾಫ್ ರೂಮಿನಲ್ಲಿ ಯಾರೋ "ಮೀ ವಾಳ್ಳೇ ಕದಾ" ಅಂದರು, ನಿಮ್ಮವರೇ ತಾನೆ ಅಂತ. ನಗುತ್ತಲೇ ಅಂದ ಮಾತು. ನನಗೆ ಮಾತ್ರ ಅದು ಮುಳ್ಳಿನ ಹಾಗೆ ನಾಟಿತು. ಅಂದಿನಿಂದ ಕನ್ನಡದ ಮಕ್ಕಳಿಗೆ ನನ್ನ ತರಗತಿಯಲ್ಲಿ ನಗು ಸ್ವಲ್ಪ ಕಮ್ಮಿ, ಗದರಿಕೆ ಸ್ವಲ್ಪ ಜಾಸ್ತಿ. ಪಕ್ಷಪಾತ ಮಾಡದಿರುವುದು ಅಂದರೆ ಇದೇ ಎಂದುಕೊಂಡಿದ್ದೆ.

ಮೇಧಾ ಈ ಜೂನಿನಲ್ಲಿ ಸೇರಿದಳು. ಗದಗಿನ ಹುಡುಗಿ, ಏಳು ವರ್ಷ. ಅಪ್ಪನಿಗೆ ಔಷಧ ಕಂಪನಿಯಲ್ಲಿ ಕೆಲಸ. ಹೇಮಾಕ್ಷಿ ಟೀಚರ್ ಕನ್ನಡದವರು ಎಂದು ಅವಳ ಅಮ್ಮ ಮಾನಸ ಯಾರಿಂದಲೋ ತಿಳಿದುಕೊಂಡು, ಮೊದಲ ದಿನವೇ ಗೇಟಿನಲ್ಲಿ ನನ್ನ ಕೈ ಹಿಡಿದು, "ನೀವು ಅದೀರಿ ಅಂತ ಧೈರ್ಯ ಬಂತ್ರಿ ಟೀಚರ್" ಎಂದರು. ನಾನು ಇಂಗ್ಲಿಷಿನಲ್ಲಿ "ಡೋಂಟ್ ವರಿ" ಎಂದು ಹೇಳಿ ಒಳಗೆ ಹೋದೆ.

ಜುಲೈ ಎರಡನೇ ವಾರ, ಊಟದ ಬೆಲ್ಲಿಗೆ ಮುಂಚಿನ ಪೀರಿಯಡ್. ನಾನು ಬೋರ್ಡಿನ ಮೇಲೆ ಕೂಡುವ ಲೆಕ್ಕ ಬರೆಯುತ್ತಿದ್ದೆ. ಮೇಧಾ ಎದ್ದು ನಿಂತು, "ಟೀಚರ್, ಒಂದಕ್ಕ ಹೋಗಿ ಬರ್ಲೇನ್ರಿ" ಎಂದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಮಕ್ಕಳು ಕಿಸಕ್ಕೆಂದರು. ನನಗೆ ಸಿಟ್ಟು ಬಂತು, ನಕ್ಕವರ ಮೇಲಲ್ಲ, ಅವಳ ಮೇಲೆ. ತೆಲುಗಿನಲ್ಲಿ ಕೇಳು, ಇಲ್ಲವೇ ಇಂಗ್ಲಿಷಿನಲ್ಲಿ ಕೇಳು, ಈಗ ಕೂತುಕೋ, ಬೆಲ್ ಆಗಲಿ ಎಂದು ತೆಲುಗಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಅದನ್ನೇ ಕೇಳಿದಳು. ನಾನು ತಿರುಗದೆ "ಕೂರ್ಚೋ" ಎಂದೆ. ಬೆಲ್ಲಿಗೆ ಇನ್ನು ನಾಲ್ಕೈದು ನಿಮಿಷ ಇದೆ ಎನ್ನುವಾಗ ಹಿಂದೆ ಗದ್ದಲ ಎದ್ದಿತು. ನೋಡಿದರೆ ಮೇಧಾ ಬೆಂಚಿನ ಪಕ್ಕದಲ್ಲಿ ನಿಂತಿದ್ದಳು. ಸ್ಕರ್ಟು, ಸಾಕ್ಸು, ನೆಲ ಎಲ್ಲ ಒದ್ದೆ. ಅವಳು ಅಳುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಆಯಾ ಬಂದು ನೆಲ ಒರೆಸಿದಳು. ಮಾನಸ ಬೇರೆ ಬಟ್ಟೆ ತಂದರು. "ಚಿಕ್ಕ ಮಕ್ಕಳಲ್ಲಿ ಇದೆಲ್ಲ ಆಗುತ್ತೆ, ತಲೆ ಕೆಡಿಸ್ಕೋಬೇಡಿ" ಎಂದು ಗೇಟಿನ ಹೊರಗೆ ನಿಂತು ಕನ್ನಡದಲ್ಲಿ ಸಮಾಧಾನ ಮಾಡಿದೆ. ಮಗು ಕೇಳಿತ್ತು, ನಾನು ಕಳಿಸಲಿಲ್ಲ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಮೇಧಾಳೂ ಮನೆಯಲ್ಲಿ ಹೇಳಲಿಲ್ಲ. ಟೀಚರ್ ಮೇಲೆ ದೂರು ಹೇಳುವಷ್ಟು ಧೈರ್ಯ ಏಳು ವರ್ಷದವರಿಗೆ ಎಲ್ಲಿಂದ ಬರಬೇಕು.

ಮರುದಿನದಿಂದ ಶುರುವಾಯಿತು. ಅವಳು ಹಾದು ಹೋದರೆ ಮೂಗು ಮುಚ್ಚಿಕೊಳ್ಳುವುದು. ಅವಳ ಬ್ಯಾಗು ತಾಗಿದರೆ "ಅಂಟಿತು, ಅಂಟಿತು" ಎಂದು ಕೂಗಿ ಇನ್ನೊಬ್ಬರಿಗೆ ಒರೆಸುವುದು. ಅವಳ ಬೆಂಚಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದವಳು ನಮ್ಮ ಕ್ಲಾಸ್ ಲೀಡರ್ ಶ್ರೀರಕ್ಷಾ. ಅವಳ ಅಮ್ಮ ಬಂದು ಬೇರೆ ಕಡೆ ಕೂರಿಸಿ ಎಂದು ಹೇಳಿ ಹೋದರು. ಮೂರನೇ ಸಾಲಿನ ಬೆಂಚಿನಲ್ಲಿ ಮೇಧಾ ಒಬ್ಬಳೇ ಉಳಿದಳು. ನಾನು ಕಂಡಿದ್ದೇ ತಡ ಇಡೀ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸಿದೆ, ಆಟದ ಪೀರಿಯಡ್ ಕಿತ್ತುಕೊಂಡೆ, ಗಂಟಲು ಹರಿಯುವ ಹಾಗೆ ಕೂಗಾಡಿದೆ. ಮಕ್ಕಳು ಅದರಿಂದ ಕಲಿತದ್ದು ಒಂದೇ: ಮೇಧಾ ದೆಸೆಯಿಂದ ಆಟ ಹೋಯಿತು. ಆಮೇಲೆ ಮೂಗು ಮುಚ್ಚುವುದನ್ನು ನಾನಿಲ್ಲದಾಗ ಮಾಡತೊಡಗಿದರು.

ಆಗಸ್ಟಿನಲ್ಲಿ ನಮ್ಮ ಹೆಡ್ ಮಿಸ್ಟ್ರೆಸ್ ರಾಜ್ಯಲಕ್ಷ್ಮಿ ಗಾರು ವಿಜಯವಾಡಕ್ಕೆ ಹೋಗಿ ಬಂದರು. ನಮ್ಮ ಶಾಲೆಗಳ ಹೆಡ್ ಆಫೀಸು ಅಲ್ಲಿದೆ. ಮೂರು ದಿನದ ಟ್ರೇನಿಂಗು. ಮಕ್ಕಳು ಮಕ್ಕಳನ್ನು ಗೋಳು ಹೊಯ್ದುಕೊಳ್ಳುವುದನ್ನು ಶಿಕ್ಷೆಯಿಂದ ನಿಲ್ಲಿಸಲಾಗದು, ದಯೆಯನ್ನು ಕಲಿಸಬೇಕು ಎಂದು ಅಲ್ಲಿ ಹೇಳಿದ್ದರಂತೆ. ಪ್ರತಿ ತರಗತಿಯ ಗೋಡೆಗೂ ಕಾಗದದ ಒಂದು ಮರ. ಯಾವ ಮಗು ಯಾರಿಗಾದರೂ ಒಳ್ಳೆಯದು ಮಾಡಿದರೆ, ಏನು ಮಾಡಿದೆ ಎಂದು ಹಸಿರು ಕಾಗದದ ಎಲೆಯ ಮೇಲೆ ಬರೆದು, ಕೆಳಗೆ ತನ್ನ ಹೆಸರು ಹಾಕಿ, ಮರಕ್ಕೆ ಅಂಟಿಸಬೇಕು. ತಿಂಗಳ ಕೊನೆಗೆ ಹೆಚ್ಚು ಎಲೆ ಇದ್ದವರಿಗೆ ಪ್ರೇಯರ್ ಹೊತ್ತಿನಲ್ಲಿ ಬ್ಯಾಡ್ಜು.

ನನಗೆ ಹಿಡಿಸಿತು. ಹಿಡಿದ ಕೆಲಸವನ್ನು ಅರ್ಧ ಮಾಡುವವಳಲ್ಲ ನಾನು. ಭಾನುವಾರ ಕೂತು ಕಂದು ಬಣ್ಣದ ಕಾಗದ ಕತ್ತರಿಸಿ ಕಿಟಕಿಯಷ್ಟು ಎತ್ತರದ ಮರ ಮಾಡಿದೆ, ಸೂರ್ಯಪ್ರಕಾಶರನ್ನೂ ಎಲೆ ಕತ್ತರಿಸಲು ಕೂರಿಸಿದೆ. ದಿನವೂ ಕೊನೆಯ ಪೀರಿಯಡ್ಡಿನ ಹತ್ತು ನಿಮಿಷ ಎಲೆ ಬರೆಯುವುದಕ್ಕೆ. ಮಕ್ಕಳು ಬರೆದುಕೊಟ್ಟ ಇಂಗ್ಲಿಷನ್ನು ನಾನೇ ತಿದ್ದಿ, ನಾನೇ ಅಂಟಿಸುತ್ತಿದ್ದೆ. ನಾಲ್ಕು ವಾರಕ್ಕೆ ನಮ್ಮ ಮರದಲ್ಲಿ ನೂರ ಹನ್ನೆರಡು ಎಲೆ. ಇಡೀ ಶಾಲೆಯಲ್ಲಿ ಎರಡನೇ ಬಿ ಮೊದಲು. ಮೂಗು ಮುಚ್ಚುವುದು ನಿಂತಿತ್ತು. ರಾಜ್ಯಲಕ್ಷ್ಮಿ ಗಾರು ಮರದ ಫೋಟೊ ತೆಗೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಹೆಡ್ ಆಫೀಸಿನಿಂದ ಜಗನ್ಮೋಹನ್ ಗಾರು ಮುಂದಿನ ಶನಿವಾರ ಪೋಷಕರ ಸಭೆಗೆ ಬಂದು ಈ ಮರವನ್ನು ನೋಡುತ್ತಾರೆ ಎಂದು ಪತ್ರ ಬಂತು. ನಾನು ಆ ವಾರ ಸ್ಟಾಫ್ ರೂಮಿನಲ್ಲಿ ಸ್ವಲ್ಪ ಎದೆ ಸೆಟೆಸಿ ನಡೆದೆ ಎಂದು ಒಪ್ಪಿಕೊಳ್ಳುತ್ತೇನೆ.

ಮಂಗಳವಾರ ಬೆಳಗ್ಗೆ ಮಾನಸ ಬಂದರು. ಮೇಧಾ ಹಿಂದಿನ ಗುರುವಾರದಿಂದ ಬಂದಿರಲಿಲ್ಲ; ಜ್ವರ ಎಂದು ಮೆಸೇಜು ಇತ್ತು. ಮಾನಸರ ಕೈಯಲ್ಲಿ ಒಂದು ಅರ್ಜಿ.

"ಟಿಸಿ ಬೇಕಾಗಿತ್ರಿ" ಎಂದರು. "ಈಕಿನ್ನ ಗದಗಿಗೆ ಕಳಸ್ತೀವಿ, ನಮ್ಮ ಅವ್ವನ ಹತ್ರ. ನಮ್ಮ ತಮ್ಮ ಕರಕೊಂಡು ಹೋಗಾಕ ಬರಾಕತ್ಯಾನ. ಭಾನುವಾರದ ರೈಲಿಗೆ ಟಿಕೀಟು ಆಗೇತಿ."

ನೀವಿಬ್ಬರೂ ಇಲ್ಲೇ ಇದ್ದು ಅವಳೊಬ್ಬಳನ್ನೇ ಯಾಕೆ ಎಂದು ಕೇಳಿದೆ.

"ಇವರಿಗೆ ಇನ್ನ ಎರಡು ವರ್ಷ ಇಲ್ಲೇ ಕೆಲಸ ಐತ್ರಿ. ನಾ ಇವರನ್ನ ಬಿಟ್ಟು ಹೋಗಾಕ ಆಗಂಗಿಲ್ಲ. ಆಕಿ ಸಾಲಿ ಅಂದ್ರ ನಡಗ್ತಾಳ. ಬೆಳಗಿನಿಂದ ಸಂಜಿತನಕ ಒಂದು ಗುಟುಕು ನೀರು ಕುಡಿಯಂಗಿಲ್ಲ. ಒಯ್ದ ಬಾಟ್ಲಿ ತುಂಬಿದ್ದು ತುಂಬಿದಂಗ ಮನಿಗೆ ಬರ್ತೈತಿ. ಅದಕ್ಕ ಉರಿಮೂತ್ರ ಆಗಿ ಜ್ವರ ಬಂದಾವು ಅಂದ್ರು ಡಾಕ್ಟ್ರು."

ಈಗ ಯಾರೂ ಅವಳನ್ನು ಚುಡಾಯಿಸುತ್ತಿಲ್ಲ, ಎಲ್ಲರೂ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಮರ ನೋಡಿಲ್ಲವೇ ಎಂದೆ. ಮಾನಸ ಫೋನು ತೆಗೆದು, ವಾಟ್ಸಾಪಿನ ಆ ಫೋಟೊವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನನ್ನ ಮುಂದೆ ಹಿಡಿದರು.

"ಓದ್ರಿ ಟೀಚರ್. ನೀವ ಓದ್ರಿ."

ಓದಿದೆ. "ನಾನು ಮೇಧಾಳನ್ನು ಬಾತ್‌ರೂಮಿಗೆ ಕರೆದುಕೊಂಡು ಹೋದೆ, ಶ್ರೀರಕ್ಷಾ." "ಬಾತ್‌ರೂಮಿಗೆ ಹೋಗು ಎಂದು ಮೇಧಾಗೆ ನೆನಪು ಮಾಡಿದೆ, ಫಣೀಂದ್ರ." "ಮೇಧಾ ಪಕ್ಕದಲ್ಲಿ ಕೂತು ಊಟ ಮಾಡಿದೆ, ಮೂಗು ಮುಚ್ಚಲಿಲ್ಲ." "ಮೇಧಾಗೆ ನೆನಪು ಮಾಡಿದೆ." "ಮೇಧಾ ಸ್ಕರ್ಟು ಒಣಗಿದೆಯಾ ಎಂದು ನೋಡಿ ಹೇಳಿದೆ." ಒಂದಾದ ಮೇಲೊಂದು ಹಸಿರು ಎಲೆ, ಅದರ ಮೇಲೆ ನನ್ನದೇ ಕೆಂಪು ಪೆನ್ನಿನ ತಿದ್ದುಪಡಿ. ಒಳ್ಳೆಯದು ಮಾಡಲು ಯಾರಾದರೂ ಬೇಕಲ್ಲ. ಮೂವತ್ತೇಳು ಮಕ್ಕಳಿಗೆ ಸುಲಭವಾಗಿ ಸಿಕ್ಕವಳು ಅವಳೊಬ್ಬಳು. ದಿನಕ್ಕೆ ಮೂವರು ನಾಲ್ವರು ತರಗತಿಯ ನಡುವೆ ನಿಂತು ಅವಳಿಗೆ ಬಾತ್‌ರೂಮು ನೆನಪಿಸುತ್ತಿದ್ದರು, ಆಮೇಲೆ ಅದನ್ನು ಬರೆದು ಗೋಡೆಗೆ ಹಚ್ಚುತ್ತಿದ್ದರು. ಮರೆಯಬೇಕಾದ ಒಂದು ದಿನವನ್ನು ನಾನು ನಾಲ್ಕು ವಾರ ಗೋಂದು ಹಾಕಿ ಅಂಟಿಸಿದ್ದೆ.

ಮಾನಸ ಹೋದ ಮೇಲೆ ಖಾಲಿ ತರಗತಿಗೆ ಬಂದು ಎಲೆಗಳನ್ನು ಎಣಿಸಿದೆ. ನೂರ ಹನ್ನೆರಡರಲ್ಲಿ ಅರವತ್ತೊಂದರಲ್ಲಿ ಮೇಧಾಳ ಹೆಸರು. ಅಷ್ಟು ಎಲೆಗಳಲ್ಲಿ ಒಂದಾದರೂ ಅವಳು ಬರೆದದ್ದು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಅವಳಿಂದ ಏನನ್ನಾದರೂ ತೆಗೆದುಕೊಳ್ಳಲು ಯಾರೂ ಸಿದ್ಧವಿರಲಿಲ್ಲ. ಅವಳು ಬರೀ ತೆಗೆದುಕೊಳ್ಳಬೇಕಾದವಳು. ಸಿಟ್ಟು ಬಂತು, ಈ ಸಲ ಬರಬೇಕಾದ ಕಡೆಗೇ ಬಂತು.

ಈ ಮಗು ಭಾನುವಾರ ರೈಲು ಹತ್ತಬಾರದು ಎಂದು ಅಲ್ಲೇ ನಿಶ್ಚಯಿಸಿದೆ. ಅಪ್ಪ ಅಮ್ಮ ಇರುವ ಊರನ್ನು ಒಂದು ಮಗು ಬಿಟ್ಟು ಹೋಗಬೇಕಾಗಿ ಬರುವುದು ನನ್ನ ತರಗತಿಯ ದೆಸೆಯಿಂದ ಆಗಕೂಡದು. ನನ್ನ ಕೈಯಲ್ಲಿ ನಾಲ್ಕು ದಿನ ಇತ್ತು.

ಬುಧವಾರ ಮೊದಲ ಪೀರಿಯಡ್ಡಿನಲ್ಲಿ, ಮಕ್ಕಳ ಎದುರಿಗೇ, ಎಲೆಗಳನ್ನು ಒಂದೊಂದಾಗಿ ಕಿತ್ತು ಡಬ್ಬಕ್ಕೆ ಹಾಕಿದೆ. ಮರವನ್ನೂ ಕಿತ್ತೆ. ಮುಗಿಯುವ ಹೊತ್ತಿಗೆ ಶ್ರೀರಕ್ಷಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವಳವೇ ಇಪ್ಪತ್ತಾರು ಎಲೆ ಇದ್ದವು, ಬ್ಯಾಡ್ಜು ಅವಳಿಗೇ ಎಂದು ಎಲ್ಲರಿಗೂ ಗೊತ್ತಿತ್ತು.

"ಟೀಚರ್, ನಾನೇನು ತಪ್ಪು ಮಾಡಿದೆ? ನೀವು ಹೇಳಿದ್ದನ್ನೇ ಅಲ್ಲವಾ ಮಾಡಿದ್ದು?" ಎಂದಳು.

ಹೌದಲ್ಲ. ಅವಳು ನಾನು ಹೇಳಿದ್ದನ್ನೇ ಮಾಡಿದ್ದಳು. ಅವಳ ಪಕ್ಕದಲ್ಲಿ ಹೋಗಿ ಕೂತು, ನೀನು ತಪ್ಪು ಮಾಡಲಿಲ್ಲ, ನಾನೇ ತಪ್ಪು ಕಲಿಸಿದೆ ಎಂದೆ. ಟೀಚರುಗಳು ಹೀಗೆ ಹೇಳುವುದನ್ನು ಮಕ್ಕಳು ಕೇಳಿರಲಿಲ್ಲ. ಹಿಂದಿನ ಬೆಂಚಿನವರು ಎದ್ದು ನಿಂತು ನೋಡಿದರು.

"ಹಾಗಾದರೆ ನೆನಪು ಮಾಡುವುದು ಒಳ್ಳೆಯದಲ್ಲವಾ?" ಎಂದು ಫಣೀಂದ್ರ ಕೇಳಿದ. ದುಂಡು ಮುಖದ, ಬಾಯಿಗೆ ಬಂದದ್ದನ್ನು ಕೇಳಿಬಿಡುವ ಹುಡುಗ.

ನಾನು ಅವರಿಗೆ ಒಂದು ಪ್ರಶ್ನೆ ಹಾಕಿದೆ. ನಿಮಗೆ ತುಂಬಾ ನಾಚಿಕೆ ಆದದ್ದು ಯಾವಾಗ? ಆಗ ಬೇರೆಯವರು ಏನು ಮಾಡಿದ್ದರೆ ಚೆನ್ನಾಗಿರುತ್ತಿತ್ತು? ಮೊದಲು ಫಣೀಂದ್ರನೇ ಹೇಳಿದ. ಹೋದ ವರ್ಷ ಸಿಂಹಾಚಲಕ್ಕೆ ಹೋಗುವಾಗ ಘಾಟಿನಲ್ಲಿ ಬಸ್ಸಿನೊಳಗೆ ವಾಂತಿ ಮಾಡಿಕೊಂಡನಂತೆ. ಅತ್ತೆ, ಮಾವ, ಪಕ್ಕದ ಸೀಟಿನವರು ಎಲ್ಲ ಸುತ್ತ ನಿಂತು, ಅಯ್ಯೋ ಪಾಪ, ನೀರು ಕೊಡಿ, ನಿಂಬೆಹಣ್ಣು ಮೂಸಿಸಿ ಎಂದರಂತೆ. ಈಗಲೂ ಮದುವೆ ಮುಂಜಿಯಲ್ಲಿ ಸಿಕ್ಕಿದರೆ ಬಸ್ಸು ಹತ್ತಿದಾಗ ಈಗ ಹೇಗೋ ಎಂದು ಕೇಳುತ್ತಾರಂತೆ.

"ಅವರೆಲ್ಲ ಏನು ಮಾಡಬೇಕಿತ್ತು?" ಎಂದೆ.

"ನಮ್ಮ ಅಮ್ಮ ಒರೆಸಿದಳು. ಅಷ್ಟು ಸಾಕಿತ್ತು. ಮಿಕ್ಕವರು ಕಿಟಕಿ ಕಡೆ ನೋಡುತ್ತಿದ್ದರೆ ಆಗುತ್ತಿತ್ತು" ಎಂದ.

ವಿಜಯವಾಡದ ಮೂರು ದಿನದ ಟ್ರೇನಿಂಗಿನಲ್ಲಿ ಯಾರೂ ಹೇಳಿರದ ಮಾತು ಅದು. ಹುಡುಗರು ಹುಡುಗಿಯರು ಒಬ್ಬೊಬ್ಬರಾಗಿ ಶುರು ಮಾಡಿದರು. ಡ್ಯಾನ್ಸಿನಲ್ಲಿ ಲಂಗ ಜಾರಿದ್ದು, ಮಾರ್ಕ್ಸ್ ಕಾರ್ಡಿಗೆ ಸೈ ಹಾಕಿಸಲು ಹೆದರಿದ್ದು, ಅಪ್ಪ ರಸ್ತೆಯಲ್ಲಿ ಹೊಡೆದದ್ದು. ಶ್ರೀರಕ್ಷಾ ಏನೂ ಹೇಳಲಿಲ್ಲ, ಅಳು ಮಾತ್ರ ನಿಲ್ಲಿಸಿದಳು. ಅಂದು ಪಾಠ ಆಗಲಿಲ್ಲ. ಕೊನೆಗೆ ನಾನು ಹೇಳಿದ್ದು ಇಷ್ಟೇ: ಇನ್ನು ಮುಂದೆ ಬಾತ್‌ರೂಮಿಗೆ ಹೋಗಲು ಯಾರೂ ನನ್ನನ್ನು ಕೇಳಬೇಕಾಗಿಲ್ಲ, ಸುಮ್ಮನೆ ಎದ್ದು ಹೋಗಿ ಬನ್ನಿ, ಹೋದವರನ್ನು ಯಾರೂ ನೋಡಬೇಕಾಗಿಲ್ಲ.

ಆಮೇಲೆ ಆದದ್ದು ಹೇಳುವ ಹಾಗಿಲ್ಲ. ಮಧ್ಯಾಹ್ನದೊಳಗೆ ಮೂವತ್ತೇಳು ಮಕ್ಕಳೂ ಬಾತ್‌ರೂಮಿಗೆ ಹೋಗಿ ಬಂದರು, ಕೆಲವರು ಮೂರು ಮೂರು ಸಲ. ಪಕ್ಕದ ತರಗತಿಯ ಟೀಚರ್ ಬಂದು ಏನಮ್ಮ ಇದು, ಸಂತೆಯೇ ಎಂದು ಕೇಳಿದರು. ಹಲ್ಲು ಕಚ್ಚಿ ಕೂತೆ. ಗುರುವಾರ ಹತ್ತು ಹನ್ನೆರಡು ಮಂದಿ ಹೋದರು. ಶುಕ್ರವಾರ ನಾಲ್ಕೇ ಜನ. ಯಾರೂ ತಡೆಯದಿದ್ದರೆ ಅದರಲ್ಲಿ ಮಜಾ ಏನಿದೆ. ಇಷ್ಟು ವರ್ಷ ಯಾವ ಕೋಟೆ ಕಾಯುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಗುರುವಾರವೇ ರಾಜ್ಯಲಕ್ಷ್ಮಿ ಗಾರು ಕರೆಸಿದರು. ಗೋಡೆ ನೋಡಿಕೊಂಡು ಬಂದಿದ್ದರು. ಕೆಟ್ಟವರಲ್ಲ ಅವರು, ಹೆಡ್ ಆಫೀಸು ಅಂದರೆ ಹೆದರುತ್ತಾರೆ, ಅಷ್ಟೇ.

"ಶನಿವಾರ ಜಗನ್ಮೋಹನ್ ಗಾರು ಬಂದು ಮರ ಎಲ್ಲಿ ಎಂದರೆ ಏನು ಹೇಳಲಿ ಹೇಮಾಕ್ಷಿ ಗಾರು? ಎಲೆ ಡಬ್ಬದಲ್ಲಿವೆಯಲ್ಲ, ಮೇಧಾ ಹೆಸರಿನವು ಬಿಟ್ಟು ಮಿಕ್ಕವನ್ನು ಅಂಟಿಸಿ. ಯಾರಿಗೂ ನೋವಿಲ್ಲ."

"ಆ ಮಗುವಿನ ಟಿಸಿ ಅರ್ಜಿ ನಿಮ್ಮ ಮೇಜಿನ ಮೇಲಿದೆ ಮೇಡಂ. ನಾನು ಇನ್ನೊಂದು ಎಲೆ ಅಂಟಿಸುವುದಿಲ್ಲ" ಎಂದೆ.

"ಫ್ರೇಮ್ ಹಾಕಿಸಲು ಕೊಟ್ಟಿದ್ದೇವೆ ಎಂದು ನಾನು ಹೇಳುತ್ತೇನೆ. ನೀವು ಸುಮ್ಮನಿದ್ದರೆ ಸಾಕು" ಎಂದರು. ನಾನು ಆಗಲಿ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಶುಕ್ರವಾರ ಸಂಜೆ ಶಾಲೆಯಿಂದ ನೇರ ಅವರ ಮನೆಗೆ ಹೋದೆ. ಹೊಸ ಅಪಾರ್ಟ್‌ಮೆಂಟು, ನಾಲ್ಕನೇ ಮಹಡಿ. ನನ್ನ ದನಿ ಕೇಳಿದ್ದೇ ಮೇಧಾ ಒಳಗಿನ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡಳು. ಹಾಲ್‌ನಲ್ಲಿ ಒಂದು ಚಿಕ್ಕ ಸೂಟ್‌ಕೇಸು ತೆರೆದಿತ್ತು. ಅದರಲ್ಲಿ ಅವಳ ಫ್ರಾಕುಗಳು ಮಡಿಸಿ ಇಟ್ಟಿದ್ದವು. ಅದನ್ನು ನೋಡಿದ ಮೇಲೆ ಪೀಠಿಕೆ ಹಾಕುವ ಶಕ್ತಿ ನನಗೆ ಉಳಿಯಲಿಲ್ಲ.

"ಮಾನಸ, ಅವತ್ತು ಅವಳು ನನ್ನನ್ನ ಎರಡು ಸಲ ಕೇಳಿದ್ಲು. ನಾನು ಕಳಿಸ್ಲಿಲ್ಲ. ಕನ್ನಡದಲ್ಲಿ ಕೇಳಿದ್ಲು ಅಂತ ಗದರ್ಸಿ ಕೂರಿಸ್ದೆ. ಆದದ್ದು ನನ್ನಿಂದ. ನಿಮಗೂ ಹೇಳ್ದೆ ಮುಚ್ಚಿಟ್ಟೆ" ಎಂದೆ.

ಮಾನಸ ಕೈಯಲ್ಲಿದ್ದ ನೀರಿನ ಲೋಟವನ್ನು ನನಗೆ ಕೊಡದೆ ಮೇಜಿನ ಮೇಲೆ ಇಟ್ಟರು.

"ಆಕಿ ನಿದ್ದಿಗಣ್ಣಾಗ 'ಕೇಳಿದ್ನೆಲ್ಲ, ಕೇಳಿದ್ನೆಲ್ಲ' ಅಂತಿದ್ಲು" ಎಂದರು. "ಏನ್ ಕೇಳಿದ್ದಿ ಅಂದ್ರ ಹೇಳ್ತಿರ್ಲಿಲ್ಲ. ನಾವ ಬೈದ್ವಿ ಆಕಿಗೆ, ಇಷ್ಟು ದೊಡ್ಡಾಕಿ ಆಗಿ ಹಿಂಗ್ ಮಾಡ್ತಾರೇನು ಅಂತ. ನಾವೂ ಬೈದ್ವೆಲ್ರಿ ಟೀಚರ್." ಅವರ ಕಣ್ಣು ತುಂಬಿತು, ದನಿ ಮಾತ್ರ ಗಟ್ಟಿಯಾಗಿತ್ತು. "ನೀವು ಅದೀರಿ ಅಂತ ನಂಬಿದ್ದೆ ನಾ."

ನಾನು ಹೋಗಿ ಮುಚ್ಚಿದ ಬಾಗಿಲಿನ ಹತ್ತಿರ ನಿಂತು, ಮೇಧಾ, ತಪ್ಪಾಯಿತಮ್ಮ, ನಿನ್ನದೇನೂ ತಪ್ಪಿಲ್ಲ, ನನ್ನದು ಎಂದು ಹೇಳಿದೆ. ಇನ್ನೊಮ್ಮೆ ಹೇಳಿದೆ.

"ಇಲ್ಲಿ ಹೇಳಿದ್ರ ಏನ್ ಬಂತ್ರಿ?" ಎಂದರು ಮಾನಸ ಹಿಂದಿನಿಂದ. "ಆಕಿಗೆ ಆಗಿದ್ದು ಎಲ್ಲಾರ ಮುಂದ. ನೀವು ಹೇಳಾಕತ್ತಿದ್ದು ಕದದ ಮುಂದ."

ಅವರ ಮಾತು ಸರಿಯಾಗಿತ್ತು. ನಾಳೆ ಹತ್ತು ಗಂಟೆಗೆ ಸಭೆ ಇದೆ, ಟಿಸಿ ತೆಗೆದುಕೊಳ್ಳಲಿಕ್ಕಾದರೂ ಸರಿ, ಅವಳನ್ನು ಕರೆದುಕೊಂಡು ಬನ್ನಿ ಎಂದು ಹೇಳಿ ಮೆಟ್ಟಿಲಿಳಿದೆ. ರಾತ್ರಿ ಸೂರ್ಯಪ್ರಕಾಶರಿಗೆ, ಕೆಲಸ ಹೋದರೂ ಹೋಗಬಹುದು ಎಂದೆ. ಅವರು ತೆಲುಗಿನಲ್ಲಿ, ನಿನ್ನ ಸಿಟ್ಟಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು ಎಂದರು.

ಶನಿವಾರ ತರಗತಿ ತುಂಬಿತ್ತು. ಮಕ್ಕಳು ಬೆಂಚಿನಲ್ಲಿ, ಅಪ್ಪ ಅಮ್ಮಂದಿರು ಗೋಡೆಯ ಸುತ್ತ. ಮರ ಇದ್ದ ಗೋಡೆಯಲ್ಲಿ ಗೋಂದಿನ ಕಲೆ. ಜಗನ್ಮೋಹನ್ ಗಾರು ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡುತ್ತಿದ್ದರು. ಮಾನಸ ಬಂದಿರಲಿಲ್ಲ. ಹತ್ತೂಕಾಲು ಆಯಿತು. ರಾಜ್ಯಲಕ್ಷ್ಮಿ ಗಾರು ಫ್ರೇಮಿನ ಮಾತು ಹೇಳಲು ಗಂಟಲು ಸರಿಮಾಡಿಕೊಳ್ಳುವಾಗ ಬಾಗಿಲಲ್ಲಿ ಮಾನಸ ಕಾಣಿಸಿಕೊಂಡರು. ಅವರ ಸೀರೆಯ ಹಿಂದೆ ಮೇಧಾ, ಯೂನಿಫಾರ್ಮು ಹಾಕಿರಲಿಲ್ಲ, ಊರಿಗೆ ಹೋಗುವ ಹೊಸ ಫ್ರಾಕು ಹಾಕಿದ್ದಳು.

ಹೆಡ್ ಮಿಸ್ಟ್ರೆಸ್ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. ಮೇಜನ್ನು ಹಿಡಿದುಕೊಂಡೆ. ಮರವನ್ನು ನಾನೇ ಕಿತ್ತೆ ಎಂದು ತೆಲುಗಿನಲ್ಲಿ ಶುರು ಮಾಡಿದೆ. ಮಕ್ಕಳಿಗೆ ದಯೆ ಕಲಿಸಲು ಹೊರಟಿದ್ದೆ, ಆದರೆ ಜುಲೈನಲ್ಲಿ ಈ ತರಗತಿಯಲ್ಲಿ ಮೊದಲು ದಯೆ ಇಲ್ಲದೆ ನಡೆದುಕೊಂಡವಳು ನಾನು. ಮೇಧಾಗೆ ಆದದ್ದು ನಿಮಗೆಲ್ಲ ಗೊತ್ತು, ಮನೆಮನೆಯಲ್ಲಿ ಮಾತಾಡಿದ್ದೀರಿ. ಯಾಕೆ ಆಯಿತು ಎಂದು ಯಾರಿಗೂ ಗೊತ್ತಿಲ್ಲ, ನಾನು ಹೇಳಲಿಲ್ಲ. ಅವಳು ಹೋಗಲೇ ಎಂದು ಕೇಳಿದಳು. ನಾನು ಕೂರಿಸಿದೆ. ಮತ್ತೆ ಕೇಳಿದಳು. ಮತ್ತೆ ಕೂರಿಸಿದೆ. ತನ್ನ ಭಾಷೆಯಲ್ಲಿ ಕೇಳಿದಳು, ಅದು ನನ್ನದೂ ಭಾಷೆ, ತಿಳಿಯದವಳ ಹಾಗೆ ಇದ್ದೆ. ಒದ್ದೆಯಾದದ್ದು ಅವಳ ಬಟ್ಟೆ, ನಾಚಿಕೆ ಪಡಬೇಕಾದವಳು ನಾನು. ಎರಡು ಸಲ ಕೇಳಿದ ಮಗುವನ್ನು ನಾನು ಕಳಿಸಲಿಲ್ಲ.

"ಮೂರು ಸಲ" ಎಂಬ ದನಿ ಬಂತು.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಮೇಧಾ ಅಮ್ಮನ ಹಿಂದಿನಿಂದ ಮುಂದೆ ಬಂದಿದ್ದಳು. ತೆಲುಗಿನಲ್ಲಿ, ಒಂದೊಂದೇ ಮಾತು ಜೋಡಿಸಿಕೊಂಡು, ಆದರೆ ತರಗತಿಯ ಮೂಲೆಗೂ ಕೇಳುವ ಹಾಗೆ ಹೇಳಿದಳು. "ನಾನು ಮೂರು ಸಲ ಕೇಳಿದೆ. ಮೂರನೇ ಸಲ ತೆಲುಗಿನಲ್ಲಿ ಕೇಳಿದೆ. ಶ್ರೀರಕ್ಷಾ ಹೇಳಿಕೊಟ್ಟಳು, ಹೇಗೆ ಕೇಳಬೇಕು ಅಂತ."

ಮೊದಲ ಬೆಂಚಿನಲ್ಲಿ ಶ್ರೀರಕ್ಷಾ ತಲೆ ತಗ್ಗಿಸಿ, ಹೌದು ಎಂಬಂತೆ ಆಡಿಸಿದಳು. ಇಪ್ಪತ್ತಾರು ಎಲೆ ಬರೆದವಳು ಇದೊಂದನ್ನು ಎಲ್ಲೂ ಬರೆದಿರಲಿಲ್ಲ.

ಆಗ ನನಗೆ ನೆನಪಾಯಿತು. ನೆನಪಾಯಿತು ಎನ್ನುವುದೂ ಸುಳ್ಳು. ಗೊತ್ತಿತ್ತು, ಅದರ ಮೇಲೆ ಎರಡು ತಿಂಗಳು ಕೂತಿದ್ದೆ. ಬೋರ್ಡಿನ ಕಡೆ ಮುಖ ಮಾಡಿದ್ದಾಗ ಹಿಂದಿನಿಂದ ತೆಳ್ಳಗೆ, ತಪ್ಪಿಲ್ಲದ ತೆಲುಗಿನಲ್ಲಿ ಒಂದು ದನಿ ಬಂದಿತ್ತು. ಇನ್ನೇನು ಬೆಲ್ ಆಗುತ್ತದೆ ಎಂದುಕೊಂಡು ಲೆಕ್ಕ ಬರೆಯುತ್ತಲೇ ಇದ್ದೆ. ನಾನು ಹೇಳಿದ ಹಾಗೆಯೇ ಅವಳು ಕೇಳಿದ್ದಳು, ಆಗಲೂ ನಾನು ಕಳಿಸಲಿಲ್ಲ. ಇಷ್ಟು ಹೊತ್ತು ದೊಡ್ಡದಾಗಿ ತಪ್ಪೊಪ್ಪಿಕೊಂಡವಳು ಅದರಲ್ಲೂ ಒಂದು ಸಲವನ್ನು ಕಮ್ಮಿ ಮಾಡಿಕೊಂಡಿದ್ದೆ.

"ಹೌದಮ್ಮ" ಎಂದೆ, ಎಲ್ಲರ ಮುಂದೆ, ಕನ್ನಡದಲ್ಲಿ. "ಮೂರು ಸಲ ಕೇಳ್ದೆ. ಮೂರ್ನೇ ಸಲ ನನಗೆ ಕೇಳಿಸ್ತು. ಕೇಳಿಸಿಯೂ ನಾನು ತಿರುಗಿ ನೋಡ್ಲಿಲ್ಲ." ಆಮೇಲೆ ಅದನ್ನೇ ತೆಲುಗಿನಲ್ಲಿ ಎಲ್ಲರಿಗೂ ಹೇಳಿದೆ.

ಗೋಡೆಯ ಬಳಿಯಿದ್ದ ಒಬ್ಬ ತಂದೆ, ಟೀಚರೇ ಹೀಗೆ ಮಕ್ಕಳ ಮುಂದೆ ತಲೆ ತಗ್ಗಿಸಿದರೆ ನಾಳೆ ಯಾರು ಮಾತು ಕೇಳುತ್ತಾರೆ ಎಂದು ಗೊಣಗಿದರು. ಶ್ರೀರಕ್ಷಾಳ ಅಮ್ಮ ಮಗಳನ್ನೇ ನೋಡುತ್ತಿದ್ದರು. ಜಗನ್ಮೋಹನ್ ಗಾರು ಪುಸ್ತಕದಲ್ಲಿ ಏನೋ ಬರೆದುಕೊಂಡರು, ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ನಾನು ಅವರ ಯಾರ ಕಡೆಗೂ ನೋಡಲಿಲ್ಲ. ನನಗೆ ಬೇಕಾದ ಉತ್ತರ ಬಾಗಿಲಲ್ಲಿ ಹೊಸ ಫ್ರಾಕು ಹಾಕಿಕೊಂಡು ನಿಂತಿತ್ತು.

ಮಾನಸ ಬಗ್ಗಿ ಮಗಳ ಕಿವಿಯ ಹತ್ತಿರ, "ಹೆಂಗ್ ಮಾಡೂನವಾ? ಮಾಮಾ ನಾಳೆ ಕಾಯ್ತಾನಲ್ಲ" ಎಂದರು.

ಮೇಧಾ ನನ್ನನ್ನು ನೋಡಿದಳು. ಜುಲೈನಲ್ಲಿ ಬೆಂಚಿನ ಪಕ್ಕ ನಿಂತು ನೋಡಿದ ಹಾಗೆ ಅಲ್ಲ. ಲೆಕ್ಕ ಸರಿಯಾಗಿದೆಯೇ ಎಂದು ತಾಳೆ ನೋಡುವವರ ಹಾಗೆ. "ಮಾಮಾಗ ಒಬ್ಬಾತನ ಹೋಗು ಅನ್ನು" ಎಂದಳು.

ಸೋಮವಾರ ಬೆಳಗ್ಗೆ ಹೆಡ್ ಆಫೀಸಿನಿಂದ ನನಗೆ ಮೆಮೊ ಬಂತು. ಮೇಧಾಳೂ ಬಂದಳು.